ಕೇಸಿಂಗ್‌ನ ಆಚೆ ಏನಿದೆ ಎಂದು ಹೇಳುವ ಸೇವೆ: ಪಲ್ಸ್ಡ್ ನ್ಯೂಟ್ರಾನ್ ಲಾಗಿಂಗ್ ಕುರಿತು ಒಬ್ಬ ಗ್ರಾಹಕನ ವಿಮರ್ಶೆ

ಗುಜರಾತಿನ ಖಂಭಾತ್ ಜಲಾನಯನದ ಹಳೆಯ ತೈಲಕ್ಷೇತ್ರವೊಂದರಲ್ಲಿ ಉತ್ಪಾದನಾ ವಿಭಾಗದ ಎಂಜಿನಿಯರ್ ಆಗಿರುವ ನಾನು ಕಳೆದ ವರ್ಷ ನಮ್ಮ ಬಾವಿಯೊಂದಕ್ಕಾಗಿ ಕೊಂಡ ಸೇವೆಯ ವಿಮರ್ಶೆ ಇದು. ಕೇಸಿಂಗ್ ಎಂಬ ಉಕ್ಕಿನ ಹೊರಕೊಳವೆ ಮತ್ತು ಅದರ ಸುತ್ತಲಿನ ಸಿಮೆಂಟ್ ಮುಚ್ಚಿಕೊಂಡಿರುವ ಬಾವಿಯೊಳಗೆ ನ್ಯೂಟ್ರಾನ್ ಹೊಮ್ಮಿಸುವ ಉಪಕರಣವನ್ನು ಇಳಿಸಿ, ಆಚೆಯ ಕಲ್ಲಿನಲ್ಲಿ ಎಣ್ಣೆ ಉಳಿದಿದೆಯೋ ನೀರು ತುಂಬಿಕೊಂಡಿದೆಯೋ ಎಂಬುದನ್ನು ಅಳೆದು, ಅಳತೆಯ ಅರ್ಥ ಬಿಡಿಸಿ ವರದಿ ಕೊಡುವುದು ಈ ಸೇವೆಯ ಒಟ್ಟು ಕೆಲಸ. ಸೇವೆ ಕೊಟ್ಟ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಕ ಕೊಡುವುದಾದರೆ ಅಳತೆಗೆ ಹತ್ತಕ್ಕೆ ಒಂಬತ್ತು, ಮೊದಲ ವರದಿಗೆ ಹತ್ತಕ್ಕೆ ಮೂರು, ನಮ್ಮ ಜಗಳದ ನಂತರ ಬಂದ ಎರಡನೆಯ ವರದಿಗೆ ಏಳು. ಒಂದೇ ಬಾವಿ, ಒಂದೇ ಉಪಕರಣ, ಒಂದೇ ಕಂಪನಿಯಾಗಿದ್ದೂ ಅಂಕಗಳ ನಡುವೆ ಇಷ್ಟು ಅಂತರ ಏಕೆ ಬಂತು ಎಂಬುದನ್ನೇ ಮುಂದೆ ವಿವರಿಸಲಿದ್ದೇನೆ.

ಮೊದಲು ಬಾವಿಯ ಸ್ಥಿತಿ. 1990ರ ದಶಕದಲ್ಲಿ ಕೊರೆದ ಈ ಬಾವಿಯಲ್ಲಿ ಐದೂವರೆ ಇಂಚಿನ ಕೇಸಿಂಗ್ ಇದೆ, ಅದರೊಳಗೆ ಮೂರು ಇಂಚಿಗೂ ತುಸು ಕಡಿಮೆ ವ್ಯಾಸದ ಟ್ಯೂಬಿಂಗ್, ಅಂದರೆ ಎಣ್ಣೆ ಮೇಲೆ ಬರುವ ಕೊಳವೆ, ಇದೆ. 1,380 ಮತ್ತು 1,440 ಮೀಟರ್ ಆಳಗಳ ನಡುವೆ ಮರಳುಗಲ್ಲಿನ ಮೂರು ಪದರಗಳಿದ್ದು, ಅವುಗಳ ನಡುವೆ ಜೇಡಿಶಿಲೆ, ಅಂದರೆ ನಾವು ದಿನವೂ ಹೇಳುವ ಶೇಲ್, ಹಾಸಿಕೊಂಡಿದೆ. ನಡುವಿನ ಪದರಕ್ಕೆ ಮಾತ್ರ ಪರ್ಫೊರೇಷನ್ ಮಾಡಿ, ಅಂದರೆ ಅದರ ಎದುರಿನ ಕೇಸಿಂಗ್‌ಗೆ ತೂತು ಕೊರೆದು, ಎಣ್ಣೆ ತೆಗೆಯುತ್ತಿದ್ದೆವು. ಮೇಲಿನ ಪದರವನ್ನು ಈ ಬಾವಿಯಲ್ಲಿ ಮುಟ್ಟಿರಲಿಲ್ಲ, ಆದರೆ ಅಕ್ಕಪಕ್ಕದ ಬಾವಿಗಳು ಅದರಿಂದ ವರ್ಷಗಟ್ಟಲೆ ಎಣ್ಣೆ ಎಳೆದಿದ್ದವು ಮತ್ತು ಒತ್ತಡ ಕಾಯ್ದುಕೊಳ್ಳಲು ಅದಕ್ಕೆ ನೀರನ್ನೂ ತುಂಬಿಸಲಾಗಿತ್ತು. ಕೆಳಗಿನ ಪದರ ಮೊದಲಿನಿಂದಲೂ ನೀರಿನದೇ. ಬಾವಿಯಿಂದ ಬರುವ ದ್ರವದಲ್ಲಿ ನೀರಿನ ಪಾಲು, ಅಂದರೆ ವಾಟರ್ ಕಟ್, ಶೇ. 94ಕ್ಕೆ ಏರಿದಾಗ ನಮಗೆ ಎರಡು ಪ್ರಶ್ನೆಗಳಿಗೆ ಉತ್ತರ ಬೇಕಾಯಿತು: ನೀರು ಎಲ್ಲಿಂದ ಬರುತ್ತಿದೆ, ಮತ್ತು ಎಣ್ಣೆ ಇನ್ನೂ ಎಲ್ಲಿ ಉಳಿದಿದೆ.

ಇಂಥ ಪ್ರಶ್ನೆಗಳಿಗೆ ವಿಕಿರಣದಿಂದಲೇ ಉತ್ತರ ಹುಡುಕಬೇಕಾದುದಕ್ಕೆ ಕಾರಣ ಸರಳವಾಗಿದೆ. 1927ರ ಸೆಪ್ಟೆಂಬರ್ 5ರಂದು ಫ್ರಾನ್ಸಿನ ಪೆಶೆಲ್‌ಬ್ರಾನ್‌ನಲ್ಲಿ ಶ್ಲಂಬರ್ಜೆ ಸಹೋದರರ ತಂಡ ಮೊದಲ ವಿದ್ಯುತ್ ಲಾಗ್ (ಆಳದುದ್ದಕ್ಕೂ ತೆಗೆದ ಅಳತೆಯ ಗೆರೆಯನ್ನು ಲಾಗ್ ಎನ್ನುತ್ತೇವೆ) ತೆಗೆದಾಗಿನಿಂದ ಎಣ್ಣೆ ಮತ್ತು ನೀರನ್ನು ಬೇರ್ಪಡಿಸುವ ಮುಖ್ಯ ಸಾಧನ ಕಲ್ಲಿನ ವಿದ್ಯುತ್ ರೋಧವೇ ಆಗಿದೆ. ಆದರೆ ಒಮ್ಮೆ ಉಕ್ಕಿನ ಕೊಳವೆ ಇಳಿಸಿ ಸಿಮೆಂಟ್ ಹಾಕಿದ ಮೇಲೆ ವಿದ್ಯುತ್ತು ಉಕ್ಕಿನಲ್ಲೇ ಹರಿದುಹೋಗುವುದರಿಂದ ಸಾಧಾರಣ ವಿದ್ಯುತ್ ಲಾಗ್ ಅಲ್ಲಿ ನಡೆಯುವುದಿಲ್ಲ. ಗಾಮಾ ಕಿರಣ ಮತ್ತು ನ್ಯೂಟ್ರಾನ್‌ಗಳಿಗಾದರೋ ಅರ್ಧ ಇಂಚಿಗೂ ಕಡಿಮೆ ದಪ್ಪದ ಉಕ್ಕು ದೊಡ್ಡ ಅಡ್ಡಿಯಲ್ಲ. ಬಾವಿಯೊಳಗೆ ನ್ಯೂಟ್ರಾನ್ ಬಳಸುವ ವಿಧಾನದ ಬಗ್ಗೆ 1941ರಲ್ಲೇ ಬರೆದವರು ಇಟಲಿಯ ಭೌತವಿಜ್ಞಾನಿ ಬ್ರೂನೋ ಪಾಂಟೆಕಾರ್ವೊ. ಪರಮಾಣು ವಿಜ್ಞಾನಿ ಎನ್ರಿಕೊ ಫೆರ್ಮಿಯ ಶಿಷ್ಯರಾಗಿದ್ದ ಆತ ಯುದ್ಧಕಾಲದಲ್ಲಿ ಅಮೆರಿಕದ ಟಲ್ಸಾ ನಗರದ ತೈಲಬಾವಿ ಸಮೀಕ್ಷೆಯ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು. ಮುಂದೆ 1950ರಲ್ಲಿ ಅವರು ಸೋವಿಯತ್ ಒಕ್ಕೂಟಕ್ಕೆ ಹೋದದ್ದು ಬೇರೆಯೇ ಕಥೆ.

ಉಪಕರಣ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಜಗಳವೆಲ್ಲ ಅದರ ಸುತ್ತಲೇ ನಡೆಯಿತು. ಉಪಕರಣದೊಳಗಿನ ನಳಿಕೆಯಲ್ಲಿ ಡ್ಯೂಟೀರಿಯಂ ಅಯಾನುಗಳನ್ನು ವೇಗವಾಗಿ ಓಡಿಸಿ ಟ್ರಿಟಿಯಂಗೆ (ಎರಡೂ ಹೈಡ್ರೋಜನ್‌ನ ಭಾರದ ರೂಪಗಳು) ಅಪ್ಪಳಿಸಿದಾಗ 14 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನ್‌ಗಳು ಕ್ಷಣಾರ್ಧದ ಕಂತುಗಳಲ್ಲಿ ಹೊಮ್ಮುತ್ತವೆ. ಈ ವೇಗದ ನ್ಯೂಟ್ರಾನ್‌ಗಳು ಕಲ್ಲಿನೊಳಗಿನ ಪರಮಾಣು ಬೀಜಗಳಿಗೆ ಬಡಿದಾಗ ಇಂಗಾಲವು 4.44 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣವನ್ನೂ ಆಮ್ಲಜನಕವು 6.13ರದನ್ನೂ ಹೊರಸೂಸುತ್ತವೆ. ಎಣ್ಣೆಯಲ್ಲಿ ಇಂಗಾಲವಿದೆ, ನೀರಿನಲ್ಲಿ ಆಮ್ಲಜನಕವಿದೆ. ಎರಡರ ಎಣಿಕೆಯ ಅನುಪಾತವೇ ಕಾರ್ಬನ್–ಆಕ್ಸಿಜನ್ ಲಾಗ್, ನಮ್ಮ ಮಾತಿನಲ್ಲಿ ಸಿ–ಓ. ಆ ಬಳಿಕ ನ್ಯೂಟ್ರಾನ್‌ಗಳು ಮುಖ್ಯವಾಗಿ ಹೈಡ್ರೋಜನ್‌ಗೆ ತಾಗಿ ತಾಗಿ ನಿಧಾನವಾಗುತ್ತವೆ, ಕೊನೆಗೆ ಯಾವುದೋ ಪರಮಾಣು ಅವನ್ನು ಹೀರಿಕೊಳ್ಳುತ್ತದೆ. ಹೀಗೆ ನ್ಯೂಟ್ರಾನ್‌ಗಳು ಎಷ್ಟು ಬೇಗ ಇಲ್ಲವಾಗುತ್ತವೆ ಎಂಬುದರ ಅಳತೆಗೆ ಸಿಗ್ಮಾ ಎಂದು ಹೆಸರು, ಕ್ಯಾಪ್ಚರ್ ಯೂನಿಟ್ ಅದರ ಏಕಮಾನ. ಬಾವಿಯಲ್ಲಿ ಸಾಮಾನ್ಯವಾಗಿ ಸಿಗುವ ಮೂಲಧಾತುಗಳಲ್ಲಿ ನ್ಯೂಟ್ರಾನ್ ನುಂಗುವುದರಲ್ಲಿ ಕ್ಲೋರಿನ್‌ನದು ಎತ್ತಿದ ಕೈ. ಆದ್ದರಿಂದ ಉಪ್ಪುನೀರಿನ ಸಿಗ್ಮಾ ಹೆಚ್ಚು, ಎಣ್ಣೆಯದು ಸುಮಾರು 21, ಸಿಹಿನೀರಿನದು ಸುಮಾರು 22.

ಈ ಕೊನೆಯ ಎರಡು ಸಂಖ್ಯೆಗಳನ್ನು ಓದುಗರು ನೆನಪಿನಲ್ಲಿಡಬೇಕು. ನೀರು ಬಹಳ ಉಪ್ಪಾಗಿರುವ ಕಡೆ ಸಿಗ್ಮಾ ಲಾಗ್ ಎಣ್ಣೆ ಮತ್ತು ನೀರನ್ನು ಕನ್ನಡಿಯಷ್ಟು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ನೀರು ಸಪ್ಪೆಯಾದಷ್ಟೂ ಎಣ್ಣೆ ಯಾವುದು, ನೀರು ಯಾವುದು ಎಂಬುದು ಸಿಗ್ಮಾಗೆ ತಿಳಿಯದಂತಾಗುತ್ತದೆ.

ಕೆಲಸದ ದಿನದ ಬಗ್ಗೆ ನನಗೆ ದೂರಿಲ್ಲ. ಬೆಳಿಗ್ಗೆ ಆರೂವರೆಗೆ ವೈರ್‌ಲೈನ್ ಟ್ರಕ್, ಅಂದರೆ ಉಪಕರಣವನ್ನು ತಂತಿಯಲ್ಲಿ ಇಳಿಸುವ ವಾಹನ, ಬಂತು. ಬಾವಿಯ ತಲೆಯ ಮೇಲೆ ಒತ್ತಡ ತಡೆಯುವ ಕೊಳವೆಯಾದ ಲೂಬ್ರಿಕೇಟರ್ ಕೂರಿಸಿ ಒತ್ತಡದ ಪರೀಕ್ಷೆ ಮುಗಿಸಿದ ನಂತರವೇ ಉಪಕರಣ ಇಳಿಯಿತು. 43 ಮಿಲಿಮೀಟರ್ ವ್ಯಾಸದ ಆ ಸಲಾಕೆ ಟ್ಯೂಬಿಂಗ್ ಒಳಗಿಂದಲೇ ತೂರಿ ಹೋಗುವುದರಿಂದ ಟ್ಯೂಬಿಂಗ್ ಎಳೆಯಲು ವರ್ಕ್‌ಓವರ್ ರಿಗ್ ತರಿಸಬೇಕಿಲ್ಲ, ಖರ್ಚಿನಲ್ಲಿ ದೊಡ್ಡ ಉಳಿತಾಯವೇ ಅದು. ಸಿಬ್ಬಂದಿಯ ಎದೆಯ ಮೇಲೆ ಮೈಗೆ ತಗುಲಿದ ವಿಕಿರಣವನ್ನು ದಾಖಲಿಸುವ ಟಿಎಲ್‌ಡಿ ಬ್ಯಾಡ್ಜ್‌ಗಳಿದ್ದವು, ವಿಕಿರಣ ಅಳೆಯುವ ಸರ್ವೆ ಮೀಟರ್ ಟ್ರಕ್ಕಿನೊಳಗಲ್ಲದೆ ಕೈಯಲ್ಲೇ ಇತ್ತು, ಉಪಕರಣ ಸಾಕಷ್ಟು ಆಳಕ್ಕೆ ಇಳಿಯುವವರೆಗೆ ನ್ಯೂಟ್ರಾನ್ ಉತ್ಪಾದಕದ ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ. ಈ ಸ್ವಿಚ್ಚೇ ಹೊಸ ಉಪಕರಣದ ದೊಡ್ಡ ಗುಣ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೇಸಿಂಗ್ ಇಳಿಸುವ ಮೊದಲಿನ ಲಾಗ್‌ಗಳನ್ನು ತೆಗೆಯುವಾಗ ಅಮೆರಿಸಿಯಂ–ಬೆರಿಲಿಯಂ ಮೂಲವನ್ನು ಸಹಾಯಕನೊಬ್ಬ ಉದ್ದನೆಯ ಹಿಡಿಕೆಯ ತುದಿಯಲ್ಲಿ ಸಿಕ್ಕಿಸಿಕೊಂಡು, ಗುರಾಣಿಯ ಡಬ್ಬಿಯಿಂದ ಉಪಕರಣದವರೆಗೆ ದಾಪುಗಾಲು ಹಾಕಿ ನಡೆಯುವಾಗ ಉಳಿದವರೆಲ್ಲ ದೂರ ಸರಿದು ನಿಲ್ಲುತ್ತಿದ್ದೆವು. ಅಮೆರಿಸಿಯಂ–241ರ ಅರ್ಧಾಯು 432 ವರ್ಷ, ಸಾಂದ್ರತೆಯ ಲಾಗ್‌ಗೆ ಬಳಸುವ ಸೀಸಿಯಂ–137ರದು 30 ವರ್ಷ. ಅಂಥ ಮೂಲ ಬಾವಿಯಲ್ಲಿ ಸಿಕ್ಕಿಕೊಂಡು ಎಷ್ಟು ಪ್ರಯತ್ನಿಸಿದರೂ ಮೇಲೆ ಬಾರದಿದ್ದರೆ ಅದನ್ನು ಅಲ್ಲೇ ಸಿಮೆಂಟ್‌ನಲ್ಲಿ ಹೂತು, ಬಾವಿಯ ತಲೆಯ ಮೇಲೆ ಎಚ್ಚರಿಕೆಯ ಫಲಕ ಹಾಕುವ ನಿಯಮ ಅಮೆರಿಕದಲ್ಲಿದೆ. ಪಲ್ಸ್ಡ್ ನ್ಯೂಟ್ರಾನ್ ನಳಿಕೆಯಲ್ಲಿ ಸ್ವಲ್ಪ ಟ್ರಿಟಿಯಂ ಇರುತ್ತದೆಯಾದರೂ ವಿದ್ಯುತ್ ಕಡಿದೊಡನೆ ನ್ಯೂಟ್ರಾನ್ ಹೊಮ್ಮುವುದು ನಿಲ್ಲುತ್ತದೆ.

ಆಳವನ್ನು ಹಳೆಯ ಲಾಗ್‌ನೊಂದಿಗೆ ಹೊಂದಿಸಿಕೊಂಡ ಕ್ರಮವೂ ಅಚ್ಚುಕಟ್ಟಾಗಿತ್ತು. ಕೇಸಿಂಗ್‌ನ ಕೀಲುಗಳನ್ನು ಗುರುತಿಸುವ ಉಪಕರಣ ಮತ್ತು ಗಾಮಾ ಲಾಗ್ ಎರಡನ್ನೂ ಬಳಸಿ ಅರ್ಧ ಮೀಟರ್‌ಗಿಂತ ಕಡಿಮೆ ವ್ಯತ್ಯಾಸಕ್ಕೆ ತಂದರು. ಗಾಮಾ ಲಾಗ್ ತಾನಾಗಿ ಏನನ್ನೂ ಹೊಮ್ಮಿಸುವುದಿಲ್ಲ. ಕಲ್ಲಿನಲ್ಲಿ ಸಹಜವಾಗಿ ಇರುವ ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂಗಳ ವಿಕಿರಣವನ್ನು ಎಣಿಸುವುದಷ್ಟೇ ಅದರ ಕೆಲಸ. ಶೇಲ್‌ನಲ್ಲಿ ಇವು ಹೆಚ್ಚು, ಶುದ್ಧ ಮರಳುಗಲ್ಲಿನಲ್ಲಿ ಕಡಿಮೆ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಅದಿರು ಹುಡುಕಲು ಕೊರೆದ ಬಾವಿಗಳಿಗೆ ಇಳಿಸುವುದೂ ಇದೇ ಜಾತಿಯ ಉಪಕರಣವನ್ನು. ಅಲ್ಲಿ ಗೆರೆ ಏರಿದರೆ ಸಂತೋಷ, ನಮ್ಮಲ್ಲಿ ಏರಿದರೆ ‘ಇದು ಶೇಲ್, ಮುಂದೆ ಹೋಗು’ ಎಂಬ ನಿರ್ಲಕ್ಷ್ಯ. ಈ ನಿರ್ಲಕ್ಷ್ಯವೇ ಮುಂದೆ ನಮಗೆ ಮುಳುವಾಯಿತು.

ಸಿಗ್ಮಾ ಅಳತೆಗಾಗಿ ನಿಮಿಷಕ್ಕೆ ಸುಮಾರು ನಾಲ್ಕೂವರೆ ಮೀಟರ್ ವೇಗದಲ್ಲಿ ಉಪಕರಣವನ್ನು ಮೇಲಕ್ಕೆಳೆದರು. ಒಂದು ಮುಖ್ಯ ಪಾಸ್, ಅದೇ ಹಾದಿಯನ್ನು ಮತ್ತೆ ಅಳೆಯುವ ಒಂದು ರಿಪೀಟ್ ಪಾಸ್. ವಿಕಿರಣದ ಎಣಿಕೆ ಸ್ವಭಾವತಃ ಏರಿಳಿಯುವಂಥದ್ದು: 400 ಎಣಿಸಿದರೆ 20ರಷ್ಟು, ಅಂದರೆ ಶೇ. 5ರಷ್ಟು ಆಚೀಚೆ ಇರುವುದು ಸಹಜ. 10,000 ಎಣಿಸಿದರೆ ಆ ಅಲುಗಾಟ ಶೇ. 1ಕ್ಕೆ ಇಳಿಯುತ್ತದೆ. ಎರಡು ಪಾಸ್‌ಗಳ ಗೆರೆಗಳು ಒಂದರ ಮೇಲೊಂದು ಕೂತರೆ ಅಳತೆಯನ್ನು ನಂಬಬಹುದು. ಟ್ರಕ್ಕಿನ ಪರದೆಯ ಮೇಲೆ ಅವು ಎಳೆ ಬಿಡದಂತೆ ಕೂತದ್ದನ್ನು ನಾನೇ ನೋಡಿದ್ದೇನೆ. ಒಂಬತ್ತು ಅಂಕ ಕೊಟ್ಟದ್ದು ಇದಕ್ಕೆ. ಒಂದಂಕ ಕಡಿದದ್ದು, ಎಣಿಕೆಯ ಮೂಲ ದತ್ತಾಂಶವನ್ನು ಅಂದೇ ಕೊಡದೆ ಮೂರು ವಾರ ಸತಾಯಿಸಿದ್ದಕ್ಕೆ.

ಹತ್ತನೆಯ ದಿನ ವರದಿ ಬಂತು. ಹೊಳಪು ಕಾಗದದ ಮೇಲೆ ಎಣ್ಣೆಗೆ ಹಸಿರು, ನೀರಿಗೆ ನೀಲಿ, ಶೇಲ್‌ಗೆ ಕಂದು ಬಣ್ಣ ತುಂಬಿದ ಸುಂದರ ಚಿತ್ರ. ಅದರ ಪ್ರಕಾರ ಮೇಲಿನ ಪದರದಲ್ಲಿ ರಂಧ್ರಗಳ ಶೇ. 87ರಷ್ಟು ಭಾಗದಲ್ಲಿ ಇನ್ನೂ ಎಣ್ಣೆಯಿತ್ತು, ನಾವು ಉತ್ಪಾದನೆ ಪಡೆಯುತ್ತಿದ್ದ ನಡುವಿನ ಪದರ ಶೇಲ್ ತುಂಬಿದ ಕಳಪೆ ಕಲ್ಲಾಗಿತ್ತು. ಶಿಫಾರಸು ಸ್ಪಷ್ಟವಾಗಿತ್ತು: ನಡುವಿನದನ್ನು ಮುಚ್ಚಿ, ಮೇಲಿನದಕ್ಕೆ ಪರ್ಫೊರೇಷನ್ ಮಾಡಿ. ಮೇಲಿನ ಪದರದಲ್ಲಿ ಎಣ್ಣೆಯಿದೆ ಎಂದು ಬಾವಿ ಕೊರೆದಾಗಿನ ವಿದ್ಯುತ್ ಲಾಗ್ ಕೂಡ ಹೇಳಿದ್ದರಿಂದ ನಮ್ಮ ಸಭೆಯಲ್ಲಿ ಎಲ್ಲರ ಮುಖವೂ ಅರಳಿತು. ತಪ್ಪು ಉತ್ತರವೊಂದು ಹಳೆಯ ಸರಿ ಉತ್ತರದಂತೆಯೇ ಕಾಣಿಸಿಕೊಂಡಾಗ ಅದನ್ನು ಪ್ರಶ್ನಿಸುವವರು ಕಡಿಮೆ. ನನ್ನನ್ನು ತಡೆದದ್ದು ಒಂದೇ ಸಂಗತಿ: ಆ ಪದರಕ್ಕೆ ಅಷ್ಟು ವರ್ಷ ತುಂಬಿಸಿದ ನೀರು ಹಾಗಾದರೆ ಹೋಯಿತೆಲ್ಲಿಗೆ?

ವರದಿಯ ಕೊನೆಯ ಪುಟದಲ್ಲಿ, ಕಣ್ಣು ಕಿರಿದುಗೊಳಿಸಿ ಓದಬೇಕಾದ ಕೋಷ್ಟಕದಲ್ಲಿ, ಲೆಕ್ಕಕ್ಕೆ ಬಳಸಿದ ಸಂಖ್ಯೆಗಳಿದ್ದವು. ನೀರಿನ ಸಿಗ್ಮಾ 59 ಎಂದಿತ್ತು. 59 ಎಂದರೆ ಸುಮಾರು 1,00,000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಉಪ್ಪಿರುವ ನೀರು. ನಮ್ಮ ಪದರಗಳ ನೀರಿನ ಲವಣಾಂಶ 12,000 ಪಿಪಿಎಂ ಆಸುಪಾಸು, ತುಂಬಿಸಿದ ನೀರೂ ಹೆಚ್ಚುಕಡಿಮೆ ಅಷ್ಟೇ. ಅದರ ಸಿಗ್ಮಾ 26ಕ್ಕಿಂತ ಹೆಚ್ಚಲ್ಲ. ಪ್ರಯೋಗಾಲಯದ ಈ ಫಲಿತಾಂಶವನ್ನು ನಾವು ಕೆಲಸದ ಆದೇಶದ ಜೊತೆಗೇ ಕಳಿಸಿದ್ದೆವು.

ಆ ರಾತ್ರಿ ಕಾಗದದ ಮೇಲೆ ಮಾಡಿದ ಲೆಕ್ಕವನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ, ಹೈಸ್ಕೂಲಿನ ಗಣಿತ ಸಾಕು. ಕಲ್ಲಿನ ಕಾಲು ಭಾಗ ರಂಧ್ರ, ಮುಕ್ಕಾಲು ಭಾಗ ಮರಳು ಎಂದಿಟ್ಟುಕೊಳ್ಳಿ. ಮರಳಿನ ಸಿಗ್ಮಾ 8. ರಂಧ್ರಗಳಲ್ಲಿ ಹನಿ ಎಣ್ಣೆಯೂ ಇಲ್ಲದೆ ಪೂರ್ತಿ ನಮ್ಮ 26ರ ನೀರೇ ಇದ್ದರೆ ಮರಳಿನಿಂದ 6, ನೀರಿನಿಂದ 6.5, ಒಟ್ಟು 12.5. ಉಪಕರಣ ಮೇಲಿನ ಪದರದಲ್ಲಿ ಅಳೆದದ್ದೂ ಸರಿಯಾಗಿ ಅಷ್ಟನ್ನೇ. ಈಗ ಇದೇ 12.5ನ್ನು, ನೀರಿನ ಸಿಗ್ಮಾ 59 ಎಂದು ನಂಬಿದವರ ಕೈಗೆ ಕೊಡಿ. ಮರಳಿನ 6 ಕಳೆದರೆ ಉಳಿದದ್ದು 6.5, ರಂಧ್ರ ಕಾಲು ಭಾಗವಾದ್ದರಿಂದ ಅದರೊಳಗಿನ ದ್ರವದ ಸಿಗ್ಮಾ 26. ದ್ರವವೆಲ್ಲ ಎಣ್ಣೆಯಾಗಿದ್ದರೆ 21 ಬರಬೇಕು, ಎಲ್ಲವೂ ನೀರಾಗಿದ್ದರೆ 59 ಬರಬೇಕು. 21ರಿಂದ 59ರವರೆಗಿನ 38 ಮೆಟ್ಟಿಲುಗಳಲ್ಲಿ 26 ಇರುವುದು ಬರೀ ಐದನೆಯ ಮೆಟ್ಟಿಲಿನಲ್ಲಿ. ಹಾಗಾಗಿ ನೀರು ಶೇ. 13, ಎಣ್ಣೆ ಶೇ. 87! ಪೂರ್ತಿ ನೀರು ತುಂಬಿದ ಕಲ್ಲನ್ನು ಎಣ್ಣೆಯ ಗಣಿಯೆಂದು ತೋರಿಸಿದ್ದು ಉಪಕರಣವಲ್ಲ, ಆ ಒಂದು ಸಂಖ್ಯೆ.

ನಾವು ಕೇಳಿದಾಗ ಅವರ ವಿಶ್ಲೇಷಕ ಫೋನಿನಲ್ಲಿ, “ಟೆಂಪ್ಲೇಟ್‌ನಲ್ಲಿ ಹಾಗೇ ಇತ್ತು ಸರ್, ಕೊಲ್ಲಿ ದೇಶದ ಬಾವಿಗಳಿಗೆ ಅದನ್ನೇ ಬಳಸುತ್ತೇವೆ” ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು. ಆ ಪ್ರಾಮಾಣಿಕತೆಗೆ ನನ್ನ ಮೆಚ್ಚುಗೆಯಿದೆ, ಕೆಲಸಕ್ಕಿಲ್ಲ. ಕೊಲ್ಲಿಯ ಅನೇಕ ತೈಲಸ್ತರಗಳ ನೀರು ಸಮುದ್ರದ ನೀರಿಗಿಂತಲೂ ಹಲವು ಪಟ್ಟು ಉಪ್ಪು. ಅಲ್ಲಿ ಸಿಗ್ಮಾ ಲಾಗ್ ರಾಜನಂತೆ ಮೆರೆಯುತ್ತದೆ. ನಮ್ಮ ನೀರಿಗೆ ಅದು ತಕ್ಕ ಸಾಧನವೇ ಅಲ್ಲ. ಸರಿಯಾದ 26ನ್ನೇ ಹಾಕಿ ಲೆಕ್ಕ ಮಾಡಿದರೂ ಪೂರ್ತಿ ನೀರಿನ ಕಲ್ಲಿಗೆ 12.5, ಶೇ. 80 ಎಣ್ಣೆಯಿರುವ ಕಲ್ಲಿಗೆ 11.5 ಬರುತ್ತದೆ. ಎಣ್ಣೆಗೂ ನೀರಿಗೂ ಇರುವ ವ್ಯತ್ಯಾಸ ಒಂದೇ ಯೂನಿಟ್! ರಂಧ್ರದ ಪ್ರಮಾಣದಲ್ಲಿ ಅಥವಾ ಶೇಲ್‌ನ ಅಂದಾಜಿನಲ್ಲಿ ಸಣ್ಣ ತಪ್ಪಾದರೂ ಆ ಒಂದು ಯೂನಿಟ್ ಅದರಲ್ಲೇ ಮುಳುಗಿಹೋಗುತ್ತದೆ. ನಮ್ಮೂರ ಕಡೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಕೊಳವೆಬಾವಿಗೆ ಜಾಗ ತೋರಿಸುವವರಿಗೂ ಇಂಥ ಲಾಗ್‌ಗೂ ಆಗ ಹೆಚ್ಚು ಅಂತರವಿರುವುದಿಲ್ಲ, ಕಾಯಿ ಅಗ್ಗ ಎಂಬುದನ್ನು ಬಿಟ್ಟರೆ. ಸಿ–ಓ ಲಾಗ್ ಬೇಕೆಂದು ಕಂಪನಿಯವರೇ ಮೊದಲು ಹೇಳಬೇಕಿತ್ತು. ನಮ್ಮ ಒಪ್ಪಂದದಲ್ಲಿ ಅದರ ದರ ಸಿಗ್ಮಾದ ಎರಡು ಪಟ್ಟಿಗೂ ಹೆಚ್ಚಿದ್ದುದರಿಂದ ನಾವೂ ಕೇಳಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ನಡುವಿನ ಪದರದ ವಿಷಯದಲ್ಲಿ ಆದ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು, ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಹೆಚ್ಚು ಕುತೂಹಲದ್ದೂ ಹೌದು. ಹಳೆಯ ಲಾಗ್‌ನಲ್ಲಿ ಅಲ್ಲಿ ಗಾಮಾ ಎಣಿಕೆ 40 ಎಪಿಐ ಯೂನಿಟ್ (ಗಾಮಾ ಲಾಗ್‌ನ ಏಕಮಾನ) ಆಸುಪಾಸು ಇತ್ತು, ಶುದ್ಧ ಮರಳುಗಲ್ಲಿನ ಲಕ್ಷಣ. ಹೊಸ ಲಾಗ್‌ನಲ್ಲಿ ಅದೇ ಆರು ಮೀಟರ್‌ನಲ್ಲಿ 180ಕ್ಕೆ ಏರಿತ್ತು. ಕಂಪ್ಯೂಟರ್ ಹೊಸ ಗೆರೆಯನ್ನು ನೋಡಿ ಶೇಲ್ ಎಂದಿತು, ಕಂದು ಬಣ್ಣ ತುಂಬಿತು. ಆದರೆ ಮೂವತ್ತು ವರ್ಷಗಳಲ್ಲಿ ಮರಳುಗಲ್ಲು ಶೇಲ್ ಆಗುವುದಿಲ್ಲ. ಎರಡು ಲಾಗ್‌ಗಳನ್ನು ಪಕ್ಕಪಕ್ಕ ಹಾಸಿ ನೋಡಿದರೆ ಏರಿಕೆ ಪರ್ಫೊರೇಷನ್‌ನ ಮೇಲಂಚಿನಿಂದ ಕೆಳಂಚಿಗೆ ಅಳೆದಿಟ್ಟಂತೆ ಕೂತಿತ್ತು. ಬೇರಿಯಂ ಇರುವ ನೀರಿಗೆ ಸಲ್ಫೇಟ್ ಇರುವ ನೀರು ಬೆರೆತರೆ ಬೇರಿಯಂ ಸಲ್ಫೇಟ್ ಗಟ್ಟಿಯಾಗಿ, ಬಚ್ಚಲ ಕೊಳವೆಯೊಳಗೆ ಕಟ್ಟುವ ಕರೆಯ ಹಾಗೆ, ಕೇಸಿಂಗ್‌ಗೆ ಅಂಟಿಕೊಳ್ಳುತ್ತದೆ. ಭೂಗರ್ಭದ ನೀರಿನಲ್ಲಿ ಲೇಶಮಾತ್ರವಾಗಿರುವ ರೇಡಿಯಂ, ಬೇರಿಯಂನ ಗುಣವನ್ನೇ ಹೋಲುವುದರಿಂದ, ಅದರ ಜೊತೆಗೇ ಕೂತು ವಿಕಿರಣ ಸೂಸುತ್ತದೆ. ಹಾಗಾಗಿ ಈ ಏರಿಕೆ ತಿಳಿಸುತ್ತಿದ್ದುದು ಕಲ್ಲಿನ ಸ್ವಭಾವವನ್ನಲ್ಲ, ಎರಡು ಬೇರೆ ಬೇರೆ ಮೂಲದ ನೀರು ಅಲ್ಲಿ ಸೇರುತ್ತಿದೆ ಎಂಬುದನ್ನು. ಮೊದಲ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಆ ಗೆರೆಯಲ್ಲೇ ಇತ್ತು, ವರದಿ ಅದರ ಮೇಲೆ ಬಣ್ಣ ಬಳಿದಿತ್ತು.

ಹಳೆಯ ಲಾಗ್ ಕೈಯಲ್ಲಿ ಇಲ್ಲದಿದ್ದರೂ ಇದನ್ನು ಹಿಡಿಯಬಹುದಿತ್ತು. ಶೇಲ್‌ನ ಸಿಗ್ಮಾ ಸಾಮಾನ್ಯವಾಗಿ ಹೆಚ್ಚು. ನಮ್ಮ ಬಾವಿಯ ನಿಜವಾದ ಶೇಲ್ ಪದರಗಳಲ್ಲಿ ಅದು 30ರ ಮೇಲಿತ್ತು. ಗಾಮಾ 180ಕ್ಕೆ ಜಿಗಿದ ಜಾಗದಲ್ಲಿ ಸಿಗ್ಮಾ 14ರಲ್ಲೇ ಕದಲದೆ ನಿಂತಿತ್ತು. ಶೇಲ್ ಆಗಿದ್ದರೆ ಎರಡೂ ಒಟ್ಟಿಗೆ ಏರಬೇಕಿತ್ತಲ್ಲವೇ? ಒಂದೇ ಕಾಗದದ ಮೇಲೆ, ನಾಲ್ಕು ಬೆರಳಿನ ಅಂತರದಲ್ಲಿ ಇದ್ದ ಎರಡು ಗೆರೆಗಳನ್ನು ಒಟ್ಟಿಗೆ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ಎರಡು ಪುಟದ ಆಕ್ಷೇಪಣೆ ಬರೆದೆವು. ಕಂಪನಿ ವಾದ ಮಾಡದೆ ತನ್ನ ಹಿರಿಯ ವಿಶ್ಲೇಷಕಿಯೊಬ್ಬರನ್ನು ಕಳಿಸಿತು, ಎರಡನೆಯ ಸಲದ ಕೆಲಸಕ್ಕೆ ಅರ್ಧ ದರ ಮಾತ್ರ ಹಾಕಿತು. ಆಕೆ ಬಂದವರೇ ಮೊದಲು ಕೇಳಿದ್ದು ನೀರಿನ ಪ್ರಯೋಗಾಲಯದ ಹಾಳೆಯನ್ನು, ನಂತರ ಬಾವಿ ಎಷ್ಟು ದಿನದಿಂದ ಮುಚ್ಚಿದೆ ಎಂಬುದನ್ನು. ಎರಡನೆಯ ಪ್ರಶ್ನೆ ನನಗೆ ಹಿಡಿಸಿತು. ಸಿ–ಓ ಲಾಗ್ ಕಲ್ಲಿನೊಳಗೆ ನೋಡುವುದು ಹೆಚ್ಚೆಂದರೆ ಒಂದು ಗೇಣು. ಬಾವಿಯನ್ನು ಮುಚ್ಚಿಟ್ಟಾಗ ಅದರೊಳಗಿನ ನೀರು ಪರ್ಫೊರೇಷನ್ ಮೂಲಕ ಕಲ್ಲಿಗೆ ಹಿಂದಿರುಗಿ ಆ ಒಂದು ಗೇಣನ್ನೇ ತುಂಬಿಕೊಂಡಿದ್ದರೆ, ಅದರಾಚೆ ಎಷ್ಟು ಎಣ್ಣೆಯಿದ್ದರೂ ಲಾಗ್ ನೀರೆಂದೇ ಹೇಳುತ್ತದೆ. ಆದ್ದರಿಂದ ಬಾವಿಯನ್ನು ಎರಡು ದಿನ ಹರಿಯಬಿಟ್ಟು, ಹರಿಯುತ್ತಿರುವಾಗಲೇ ಲಾಗ್ ತೆಗೆದರು.

ಸಿ–ಓ ಕೆಲಸಕ್ಕೆ ತಾಳ್ಮೆ ಬೇಕು. ಎಣ್ಣೆಗೂ ನೀರಿಗೂ ಅನುಪಾತದಲ್ಲಿ ಬರುವ ವ್ಯತ್ಯಾಸ ಚಿಕ್ಕದಾದ್ದರಿಂದ ಎಣಿಕೆ ಹೆಚ್ಚಬೇಕು, ಎಣಿಕೆ ಹೆಚ್ಚಲು ಉಪಕರಣ ಆಮೆಯಂತೆ ನಡೆಯಬೇಕು. ನಿಮಿಷಕ್ಕೆ 60 ಸೆಂಟಿಮೀಟರ್‌ನಂತೆ 60 ಮೀಟರ್ ಹಾದಿಗೆ ನೂರು ನಿಮಿಷ. ಅಂಥ ಐದು ಪಾಸ್‌ಗಳು. ಮಧ್ಯಾಹ್ನ ಶುರುವಾದದ್ದು ರಾತ್ರಿ ಹತ್ತರ ಮೇಲೆ ಮುಗಿಯಿತು. ಐದನ್ನೂ ಕೂಡಿಸಿ ಸರಾಸರಿ ತೆಗೆದಾಗ ಮೇಲಿನ ಪದರ ನೀರಿನಿಂದ ತೊಳೆದುಹೋಗಿರುವುದೂ, ನಡುವಿನ ಪದರದ ಮೇಲ್ಭಾಗದ ನಾಲ್ಕು ಮೀಟರ್‌ನಲ್ಲಿ ಒಳ್ಳೆಯ ಪ್ರಮಾಣದ ಎಣ್ಣೆ ಉಳಿದಿರುವುದೂ ಗೊತ್ತಾಯಿತು. ಮೊದಲ ವರದಿಯ ಶಿಫಾರಸು ಇದಕ್ಕೆ ತದ್ವಿರುದ್ಧವಾಗಿತ್ತು.

ಇಡೀ ಸೇವೆಯಲ್ಲಿ ನಾನು ಕೈಯೆತ್ತಿ ಹೊಗಳುವುದು ಕೊನೆಯಲ್ಲಿ ಮಾಡಿದ ನೀರಿನ ಹರಿವಿನ ಪರೀಕ್ಷೆಯನ್ನು. 14 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ ನ್ಯೂಟ್ರಾನ್ ನೀರಿನ ಆಮ್ಲಜನಕಕ್ಕೆ ಬಡಿದು ಅದನ್ನು ನೈಟ್ರೋಜನ್–16 ಆಗಿ ಬದಲಿಸಬಲ್ಲದು. ಅದರ ಅರ್ಧಾಯು 7.13 ಸೆಕೆಂಡು ಮಾತ್ರ, ಅಷ್ಟರೊಳಗೆ ಅದರ ಅರ್ಧ ಭಾಗ ಗಾಮಾ ಕಿರಣ ಸೂಸುತ್ತ ಮತ್ತೆ ಆಮ್ಲಜನಕವಾಗುತ್ತದೆ. ಉಪಕರಣವನ್ನು ಒಂದೆಡೆ ನಿಲ್ಲಿಸಿ ಕೆಲವು ಸೆಕೆಂಡು ನ್ಯೂಟ್ರಾನ್ ಹಾಯಿಸಿ ನಿಲ್ಲಿಸಿದರೆ, ನೀರು ನಿಂತಿದ್ದಲ್ಲಿ ವಿಕಿರಣ ಅಲ್ಲೇ ಸಾಯುತ್ತದೆ. ನೀರು ಮೇಲಕ್ಕೆ ಹರಿಯುತ್ತಿದ್ದಲ್ಲಿ ಆ ವಿಕಿರಣವೂ ಅದರೊಂದಿಗೆ ಸಾಗಿ, ಮೇಲಿರುವ ಶೋಧಕದ ಮುಂದೆ ಹಾದುಹೋಗುತ್ತದೆ. ಆ ರಾತ್ರಿ ಉಪಕರಣವನ್ನು ಪರ್ಫೊರೇಷನ್‌ಗಿಂತ ಕೆಳಗೆ, ನೀರಿನ ಪದರಕ್ಕಿಂತ ಮೇಲೆ, ಶೇಲ್ ಎದುರಿಗೆ ನಿಲ್ಲಿಸಿದರು. ಅಲ್ಲಿ ಕೇಸಿಂಗ್‌ನೊಳಗಿನ ದ್ರವ ಹರಿಯಲು ಕಾರಣವೇ ಇಲ್ಲ, ಏಕೆಂದರೆ ಅದರ ಕೆಳಗೆ ಬಾವಿಗೆ ಬಾಯಿಯೇ ಇಲ್ಲ. ನ್ಯೂಟ್ರಾನ್ ನಿಲ್ಲಿಸಿದ ಮೇಲೆ ಪರದೆಯ ಗೆರೆ ಇಳಿಯಿತು, ಇಳಿಯುತ್ತ ಹೋಯಿತು, ಹದಿನಾಲ್ಕನೆಯ ಸೆಕೆಂಡಿಗೆ ಸಣ್ಣ ಗುಡ್ಡದಂತೆ ಎದ್ದು ಮತ್ತೆ ಮಲಗಿತು. ಎರಡು ಅರ್ಧಾಯು ಕಳೆದು ಕಾಲು ಭಾಗವಷ್ಟೇ ಉಳಿದಿದ್ದ ವಿಕಿರಣ ಅದು. ಶೋಧಕ ನಾಲ್ಕೂಕಾಲು ಮೀಟರ್ ಮೇಲಿದ್ದುದರಿಂದ ನೀರಿನ ವೇಗ ನಿಮಿಷಕ್ಕೆ ಸುಮಾರು 18 ಮೀಟರ್. ಕೇಸಿಂಗ್‌ನ ಒಳಗೆ ಹರಿವಿಲ್ಲದ ಮೇಲೆ ಹರಿಯುತ್ತಿದ್ದುದು ಅದರ ಹೊರಗೆ, ಸಿಮೆಂಟ್‌ನ ಬಿರುಕಿನಲ್ಲಿ. ಕೆಳಗಿನ ಪದರದ ನೀರು ಹಿಂಬಾಗಿಲಿನಿಂದ ನಡುವಿನ ಪದರಕ್ಕೆ ಬರುತ್ತಿತ್ತು, ಅಲ್ಲಿ ಆ ಪದರದ ನೀರಿನೊಂದಿಗೆ ಸೇರಿ ರೇಡಿಯಂ ಕರೆ ಕಟ್ಟುತ್ತಿತ್ತು. ಯಾರೂ ಮಾತಾಡಲಿಲ್ಲ, ವಿಶ್ಲೇಷಕಿ ಅದೇ ಜಾಗದಲ್ಲಿ ಪರೀಕ್ಷೆಯನ್ನು ಇನ್ನೆರಡು ಸಲ ಮಾಡಿಸಿದರು, ಎರಡು ಸಲವೂ ಗುಡ್ಡ ಅಲ್ಲಿಯೇ ಎದ್ದಿತು.

ಸಿಮೆಂಟ್ ಸ್ಕ್ವೀಝ್ ಮಾಡಿ, ಅಂದರೆ ಒತ್ತಡದಿಂದ ಸಿಮೆಂಟ್ ತುರುಕಿ, ಆ ಬಿರುಕನ್ನು ಮುಚ್ಚಿ, ನಡುವಿನ ಪದರದ ಮೇಲಿನ ನಾಲ್ಕು ಮೀಟರ್‌ಗೆ ಮಾತ್ರ ಮತ್ತೆ ಪರ್ಫೊರೇಷನ್ ಮಾಡಿದೆವು. ವಾಟರ್ ಕಟ್ ಶೇ. 70ರ ಆಸುಪಾಸಿಗೆ ಇಳಿದು ಇಂದಿಗೂ ಅಲ್ಲೇ ನಿಂತಿದೆ. ಎರಡನೆಯ ವರದಿಗೆ ಪೂರ್ಣ ಅಂಕ ಕೊಡದಿರುವುದಕ್ಕೆ ಕಾರಣ, ಐದು ಪಾಸ್‌ಗಳ ನಡುವಿನ ಏರಿಳಿತವನ್ನು ಅದರಲ್ಲೂ ತೋರಿಸಿರಲಿಲ್ಲ. ಎಣ್ಣೆಯ ಪ್ರಮಾಣ ಶೇ. 55 ಎಂದು ಒಂದೇ ಗೆರೆ ಎಳೆದಿದ್ದರು. ಅದು 45 ಆಗಿರಬಹುದೇ, 65 ಆಗಿರಬಹುದೇ ಎಂದು ನಾವಾಗಿ ಕೇಳಿ ತಿಳಿಯಬೇಕಾಯಿತು.

ಈ ಸೇವೆಯನ್ನು ಕೊಳ್ಳಬಹುದೇ ಎಂದು ಸಹೋದ್ಯೋಗಿಗಳು ಕೇಳಿದರೆ ಕೊಳ್ಳಿ ಎನ್ನುತ್ತೇನೆ. ಸ್ತರದ ನೀರಿನ ಲವಣಾಂಶ 50,000 ಪಿಪಿಎಂ ದಾಟಿದ್ದು ಕಲ್ಲಿನ ರಂಧ್ರ ಶೇ. 15ಕ್ಕಿಂತ ಹೆಚ್ಚಿದ್ದರೆ ಸಿಗ್ಮಾ ಸಾಕು, ಸಿ–ಓಗೆ ಹಣ ಸುರಿಯಬೇಕಿಲ್ಲ. ಅದಕ್ಕಿಂತ ಸಪ್ಪೆ ನೀರಿಗೆ, ಅಥವಾ ಬೇರೆ ಬೇರೆ ಲವಣಾಂಶದ ನೀರು ಬೆರೆತಿರುವ ಕಡೆ, ಸಿಗ್ಮಾ ಮಾತ್ರ ಕೊಂಡರೆ ಕೊಟ್ಟ ಹಣ ಹೊಳಪು ಕಾಗದಕ್ಕೆ ಹೋದಂತೆ. ಹೊಸ ಬಾವಿಯಾದರೆ ಉತ್ಪಾದನೆ ಶುರುವಾಗುವ ಮುನ್ನವೇ ಒಂದು ಲಾಗ್ ತೆಗೆಸಿಟ್ಟುಕೊಳ್ಳುವುದು ಲೇಸು. ಹಾಗೆ ಮಾಡಿದ್ದರೆ ಮುಂದಿನ ಲಾಗ್‌ನಿಂದ ಹಿಂದಿನದನ್ನು ಕಳೆದಾಗ ಮರಳು, ಶೇಲ್ ಮುಂತಾದ ಬದಲಾಗದ ಸಂಗತಿಗಳೆಲ್ಲ ಲೆಕ್ಕದಿಂದ ಹೊರಬಿದ್ದು, ದ್ರವದಲ್ಲಾದ ಬದಲಾವಣೆ ಮಾತ್ರ ಉಳಿಯುತ್ತದೆ.

ಇದೇ ಕಂಪನಿಯನ್ನು ಮುಂದಿನ ತಿಂಗಳು ಪಕ್ಕದ ಬಾವಿಗೆ ಕರೆದಿದ್ದೇವೆ. ಕೆಲಸದ ಆದೇಶದ ಮೊದಲ ಪುಟದಲ್ಲಿ ಈ ಸಲ ನೀರಿನ ಸಿಗ್ಮಾ 26 ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ. ಪ್ರತಿ ಪಾಸ್‌ನ ಮೂಲ ಎಣಿಕೆಯನ್ನು ಅದೇ ದಿನ ಕೊಡಬೇಕು, ಶೇಲ್ ಪ್ರಮಾಣವನ್ನು ಬಾವಿ ಕೊರೆದಾಗಿನ ಗಾಮಾ ಲಾಗ್‌ನಿಂದಲೇ ತೆಗೆಯಬೇಕು ಎಂಬ ಎರಡು ಷರತ್ತುಗಳಿಗೂ ಅವರು ಸಹಿ ಹಾಕಿದ್ದಾರೆ.